ಎರಡು ದಿನಕ್ಕೆಂದು ಕೊಟ್ಟ ಹಾಡುಗಳು

ವತ್ಸಲಾ ಅವರಿಗೆ ಮುಖಗಳು ಮರೆತುಹೋಗುತ್ತವೆ, ದನಿ ಮರೆಯುವುದಿಲ್ಲ. ಬಸವೇಶ್ವರನಗರದ ತರಕಾರಿ ಅಂಗಡಿಯಲ್ಲಿ ಯಾರಾದರೂ ನಗುತ್ತಾ ಎದುರು ನಿಂತರೆ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಆ ಮನುಷ್ಯ ಬಾಯಿ ಬಿಟ್ಟ ಕೂಡಲೇ ಹೆಸರು, ಮನೆ, ಮಕ್ಕಳ ಸಮಾಚಾರ ಎಲ್ಲ ನೆನಪಿಗೆ ಬರುತ್ತದೆ. ಮೂವತ್ತೇಳು ವರ್ಷ ದೂರವಾಣಿ ಇಲಾಖೆಯಲ್ಲಿ ಆಪರೇಟರ್ ಆಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು ಅವರು. ಟ್ರಂಕ್ ಕಾಲ್ ಕಾಲದಲ್ಲಿ ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ಮದುವೆ ಮುರಿದ ಸುದ್ದಿ ಎಲ್ಲ ಅವರ ಕೈ ದಾಟಿಯೇ ಹೋಗುತ್ತಿದ್ದವು. ಒಂದನ್ನೂ ಅವರು ಮನೆಗೆ ತಂದವರಲ್ಲ. ಅದು ಕೆಲಸದ ನಿಯಮವಾಗಿತ್ತು, ಬರಬರುತ್ತಾ ಸ್ವಭಾವವೇ ಆಯಿತು.

ಹಾಡು ಕೂಡಿಡುವ ಹುಚ್ಚು ಹತ್ತಿದ್ದೂ ಅಲ್ಲೇ. ಎಕ್ಸ್‌ಚೇಂಜಿನ ಮೆಟ್ಟಿಲು ಒರೆಸಲು ಬರುತ್ತಿದ್ದ ಹೆಂಗಸೊಬ್ಬಳು ಕೆಲಸ ಮಾಡುತ್ತಾ ತನ್ನ ಪಾಡಿಗೆ ಪದ ಹೇಳಿಕೊಳ್ಳುತ್ತಿದ್ದಳು. ಒಮ್ಮೆ ಟೇಪ್ ರೆಕಾರ್ಡರ್ ತರಬೇಕು ಎಂದು ವತ್ಸಲಾ ಅಂದುಕೊಳ್ಳುತ್ತಲೇ ಇದ್ದರು. ಒಂದು ಸೋಮವಾರ ಆ ಹೆಂಗಸು ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಎಲ್ಲಿಯವಳು ಎಂದು ಯಾರಿಗೂ ಗೊತ್ತಿರಲಿಲ್ಲ. ಇದು ಆಗಿದ್ದು ತೊಂಬತ್ತಮೂರರಲ್ಲಿ. ಆ ವರ್ಷವೇ ವತ್ಸಲಾ ಒಂದು ಚಿಕ್ಕ ಟೇಪ್ ರೆಕಾರ್ಡರ್ ಕೊಂಡರು.

ಮುಂದಿನ ಇಪ್ಪತ್ತು ವರ್ಷ, ರಜೆ ಸಿಕ್ಕಾಗಲೆಲ್ಲ, ಬಸ್ಸು ಹತ್ತಿ ಹೋದರು. ಉಲ್ಲಾಳದಲ್ಲಿ ಇನ್ನೂ ರಾಗಿ ಹೊಲ ಇದ್ದ ಕಾಲ ಅದು. ಕೆಂಗೇರಿಯ ಹಳೇ ಬೀದಿಗಳಲ್ಲಿ, ಸುಂಕದಕಟ್ಟೆಯ ವಠಾರಗಳಲ್ಲಿ, ಅಗರಬತ್ತಿ ಹೊಸೆಯುವವರ, ಗಾರ್ಮೆಂಟ್ಸಿಗೆ ಹೋಗುವವರ, ಸೊಪ್ಪು ಮಾರುವವರ ಮನೆಗಳಲ್ಲಿ ಕೂತು ಸೋಬಾನೆ, ಬೀಸುವ ಪದ, ಜೋಗುಳ, ಸತ್ತವರ ಮನೆಯ ಹಾಡು ಎಲ್ಲ ತುಂಬಿಕೊಂಡರು. ಮೂವತ್ತೊಂದು ಹೆಂಗಸರು, ಇನ್ನೂರಕ್ಕೂ ಹೆಚ್ಚು ಕ್ಯಾಸೆಟ್ಟು. ಪ್ರತಿ ಹಾಡಿನ ಮೊದಲು ತಮ್ಮದೇ ದನಿಯಲ್ಲಿ ಹಾಡುವವರ ಹೆಸರು, ಊರು, ತಾರೀಕು ಹೇಳುತ್ತಿದ್ದರು. ಪ್ರತಿ ಮನೆಯಲ್ಲೂ ಒಂದೇ ಮಾತು ಕೊಡುತ್ತಿದ್ದರು: ನಿಮ್ಮನ್ನು ಕೇಳದೆ ಇದು ನನ್ನ ಕೈ ಬಿಟ್ಟು ಹೋಗುವುದಿಲ್ಲ.

ನಿವೃತ್ತಿಗೆ ಮುಂಚೆಯೇ ಕಂಪ್ಯೂಟರ್ ಕಲಿತು, ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ಇಳಿಸಿದರು. ಕ್ಯಾಸೆಟ್ಟು ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತು ಕೂತೇ ಇರಬೇಕು. ನಾಲ್ಕು ವರ್ಷ ಹಿಡಿಯಿತು. ಬೂಷ್ಟು ಹಿಡಿದ ಕ್ಯಾಸೆಟ್ಟುಗಳು ಆಮೇಲೆ ನುಡಿಯುವ ಸ್ಥಿತಿಯಲ್ಲಿ ಉಳಿಯಲಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡ್ರೈವಿಗೆ ಹಾಕಿಟ್ಟರು. ಅಂಗೈ ಅಗಲದ ಕಪ್ಪು ಪೆಟ್ಟಿಗೆ. ಹಾಡು ನುಡಿಸುವ ಸಾಫ್ಟ್‌ವೇರಿನಲ್ಲಿ ಹಾಡಿದವರ ಪ್ರಕಾರ, ಊರಿನ ಪ್ರಕಾರ, ಹಾಡಿನ ಬಗೆಯ ಪ್ರಕಾರ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಟಿಪ್ಪಣಿ ಬರೆದರು. ಗಂಡ ಪುರುಷೋತ್ತಮ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಗುಮಾಸ್ತರು, ಸಾಧು ಮನುಷ್ಯ. ಹೆಂಡತಿ ಕಂಪ್ಯೂಟರಿನ ಮುಂದೆ ಕೂತಿದ್ದರೆ ತಾವೇ ಅನ್ನಕ್ಕಿಡುತ್ತಿದ್ದರು. ಆ ಹಾಡುಗಳನ್ನು ಅವರು ಒಮ್ಮೆಯೂ ಕೂತು ಕೇಳಿದವರಲ್ಲ. ಆದರೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

ಎರಡು ಸಾವಿರದ ಇಪ್ಪತ್ತಮೂರರ ಫೆಬ್ರವರಿಯಲ್ಲಿ ಹಳೆಯ ಕಂಪ್ಯೂಟರ್ ಕೈಕೊಡತೊಡಗಿತು. ಹೊಸ ಲ್ಯಾಪ್‌ಟಾಪ್ ಬಂತು. ವತ್ಸಲಾ ಪಟ್ಟಿಯನ್ನು ಜೋಪಾನವಾಗಿ ಅದಕ್ಕೆ ಸಾಗಿಸಿ, ಡ್ರೈವ್ ಸಿಕ್ಕಿಸಿ, ಸಾಫ್ಟ್‌ವೇರ್ ತೆರೆದರು. ಹೆಸರುಗಳೆಲ್ಲ ಸಾಲಾಗಿ ಬಂದವು. ಆದರೆ ಪ್ರತಿ ಹೆಸರಿನ ಪಕ್ಕದಲ್ಲೂ ಒಂದು ಕೆಂಪು ಆಶ್ಚರ್ಯಸೂಚಕ. ಒತ್ತಿದರೆ, ಹಾಡು ಸಿಗುತ್ತಿಲ್ಲ ಎಂಬ ಉತ್ತರ. ಒಂದಲ್ಲ, ಎರಡಲ್ಲ, ಎರಡು ಸಾವಿರ ಹಾಡಿಗೂ ಅದೇ ಉತ್ತರ. ಸಂಜೆ ಗಂಡ ವಾಕಿಂಗ್ ಮುಗಿಸಿ ಬಂದಾಗ ಅವರು ದೀಪವನ್ನೂ ಹಚ್ಚದೆ ಕೂತಿದ್ದರು.

ಪುರುಷೋತ್ತಮ ಮಾರನೇ ದಿನ ಗಿರಿರಾಜ್ ಅವರನ್ನು ಕರೆತಂದರು. ಗಿರಿರಾಜ್ ನಿವೃತ್ತ ಕಾಲೇಜು ಮೇಷ್ಟರು, ಎರಡು ರಸ್ತೆ ಆಚೆ ಮನೆ. ಹನ್ನೊಂದು ವರ್ಷದಿಂದ ಪುರುಷೋತ್ತಮರ ವಾಕಿಂಗ್ ಜೊತೆಗಾರ. ಬಡಾವಣೆಯಲ್ಲಿ ಒಂದು ಜಾನಪದ ಬಳಗ ಕಟ್ಟಿಕೊಂಡು, ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಕಾರ್ಯಕ್ರಮ ಮಾಡಿಸುವವರು. ವತ್ಸಲಾರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಪುರುಷೋತ್ತಮರಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗ ಮೂರು ದಿನ ಬಾಗಿಲಲ್ಲೇ ಕೂತಿದ್ದ ಮನುಷ್ಯ.

ಗಿರಿರಾಜ್ ಲ್ಯಾಪ್‌ಟಾಪ್ ನೋಡಿ ನಕ್ಕರು. ಹಾಡು ಎಲ್ಲೂ ಹೋಗಿಲ್ಲ ಎಂದು ಧೈರ್ಯ ಹೇಳಿದರು. ಹಳೆಯ ಕಂಪ್ಯೂಟರ್ ಆ ಡ್ರೈವಿಗೆ ‘ಎಫ್’ ಎಂಬ ಅಕ್ಷರ ಕೊಟ್ಟಿತ್ತು, ಹೊಸದು ‘ಇ’ ಎಂದು ಕೊಟ್ಟಿದೆ. ಪಟ್ಟಿ ಮಾತ್ರ ಇನ್ನೂ ಹಳೆಯ ಅಕ್ಷರದಲ್ಲೇ ಹುಡುಕುತ್ತಿದೆ. ಮನೆ ಅದೇ, ಬಾಗಿಲ ಮೇಲಿನ ನಂಬರು ಬದಲಾಗಿದೆ ಅಷ್ಟೇ ಎಂದು ಬಿಡಿಸಿ ಹೇಳಿದರು. ಸರಿಮಾಡಲು ಲ್ಯಾಪ್‌ಟಾಪನ್ನೂ ಡ್ರೈವನ್ನೂ ಎರಡು ದಿನ ಮನೆಗೆ ಒಯ್ಯಬೇಕು ಎಂದರು.

ಡ್ರೈವ್ ಅಲ್ಲಿಯವರೆಗೆ ಮನೆಯ ಹೊಸಿಲು ದಾಟಿರಲಿಲ್ಲ. ಇಲ್ಲೇ ಕೂತು ಮಾಡೋಕಾಗಲ್ವಾ ಎಂದು ವತ್ಸಲಾ ಕೇಳಿದರು. ಪುರುಷೋತ್ತಮರಿಗೆ ಮುಜುಗರವಾಯಿತು. “ಏನೇ ಇದು, ಗಿರಿ ಏನು ಹೊರಗಿನವನಾ?” ಎಂದರು. ವತ್ಸಲಾ ಡ್ರೈವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಯಾರಿಗೂ ಕೇಳಿಸಬೇಡಿ, ನಾನು ಅವರಿಗೆಲ್ಲ ಮಾತು ಕೊಟ್ಟಿದ್ದೀನಿ ಎಂದೂ ಹೇಳಿದರು. ಗಿರಿರಾಜ್ ಎರಡೂ ಕೈಯಲ್ಲಿ ಇಸಿದುಕೊಂಡು, ದೇವರ ಪೆಟ್ಟಿಗೆ ಇದ್ದ ಹಾಗೆ ಅತ್ತಿಗೆ, ಎಂದರು.

ಮೂರನೇ ದಿನ ಬಂದು ಸಿಕ್ಕಿಸಿ ತೋರಿಸಿದರು. ಒಂದು ಕೆಂಪು ಗುರುತೂ ಇರಲಿಲ್ಲ. ವತ್ಸಲಾ ಯಾವುದೋ ಒಂದನ್ನು ಒತ್ತಿದರು. ಹಳೆಯ ಕೆಂಗೇರಿಯ ಅಜ್ಜಿಯೊಬ್ಬಳು ಮೊಮ್ಮಗನನ್ನು ತೂಗುತ್ತಾ ಹಾಡಿದ ಜೋಗುಳ ಹಾಲ್ ತುಂಬಾ ಹರಡಿತು. ಅವರ ಕಣ್ಣು ತುಂಬಿ ಬಂತು. ಆ ದಿನ ಗಿರಿರಾಜ್ ಅವರಿಗೆ ಊಟ ಹಾಕದೆ ಕಳಿಸಲಿಲ್ಲ. ಕೋಡುಬಳೆ ಕರಿದು ಡಬ್ಬಿ ತುಂಬಿ ಕೊಟ್ಟರು.

ಒಂಬತ್ತು ತಿಂಗಳು ಏನೂ ಆಗಲಿಲ್ಲ, ಅಥವಾ ವತ್ಸಲಾರಿಗೆ ಏನೂ ಗೊತ್ತಾಗಲಿಲ್ಲ. ನವೆಂಬರಿನ ಒಂದು ಬೆಳಗ್ಗೆ ಸುಂಕದಕಟ್ಟೆಯಿಂದ ಚೇತನಾ ಎಂಬ ಹೆಂಗಸಿನ ಫೋನ್ ಬಂತು. ಯಶೋದಮ್ಮನ ಸೊಸೆ ಅವಳು. ಅತ್ತೆ ಎರಡು ದಿನದಿಂದ ಊಟ ಮಾಡ್ತಿಲ್ಲ, ನೀವೇ ಒಂದ್ಸಲ ಬಂದು ಹೋಗಿ ಆಂಟಿ, ಎಂದಷ್ಟೇ ಹೇಳಿದಳು. ದನಿಯಲ್ಲಿ ಸಿಟ್ಟಿತ್ತು.

ಯಶೋದಮ್ಮ ಮೂಲತಃ ಮಾಗಡಿ ಕಡೆಯ ಹಳ್ಳಿಯವರು. ಗಂಡನ ಜೊತೆ ಸುಂಕದಕಟ್ಟೆಗೆ ಬಂದು, ಅಗರಬತ್ತಿ ಹೊಸೆದು ಇಬ್ಬರು ಮಕ್ಕಳನ್ನು ಬೆಳೆಸಿದವರು. ವತ್ಸಲಾರ ಮೂವತ್ತೊಂದು ಜನರಲ್ಲಿ ಅವರಂಥ ಕಂಠ ಇನ್ನೊಂದಿರಲಿಲ್ಲ. ಎರಡು ಸಾವಿರದ ಆರರಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಬಾಗಿಲು ಹಾಕಿಕೊಂಡು ಯಶೋದಮ್ಮ ಒಂದು ಪದ ಹೇಳಿದ್ದರು. ಅದು ಕೇಳಿ ಕಲಿತದ್ದಲ್ಲ, ಸ್ವಂತ ಕಟ್ಟಿದ್ದು. ಅವರಿಗೆ ನಿಂಗಿ ಎಂಬ ತಂಗಿ ಇದ್ದಳು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ನಿಂಗಿ, ಅಕ್ಕನ ಗಂಡನ ಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಯಶೋದಮ್ಮನಿಗೆ ಆಗ ಹತ್ತೊಂಬತ್ತು. ರಾಗಿ ಬೀಸುತ್ತಿದ್ದರು. ಒಳಗೆ ಅತ್ತೆ ಇದ್ದಳು. ಅತ್ತೆಯ ಭಯಕ್ಕೆ ಕಲ್ಲು ಬಿಟ್ಟು ಏಳಲಿಲ್ಲ, ತಲೆಯೆತ್ತಿ ಬಾ ಎನ್ನಲಿಲ್ಲ. ನಿಂಗಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು. ಆಮೇಲೆ ಅವಳನ್ನು ಕಂಡವರಿಲ್ಲ. ಅಣ್ಣ ಹನುಮಯ್ಯ ಊರೂರು ಹುಡುಕಿಕೊಂಡು ಬಂದು, ನಿನ್ನ ಹತ್ರ ಬಂದಿದ್ಲಾ ಎಂದು ಕೇಳಿದಾಗ ಯಶೋದಮ್ಮ ಇಲ್ಲ ಎಂದಿದ್ದರು. ಆ ಇಲ್ಲವನ್ನು ಐವತ್ತು ವರ್ಷ ಕಾಪಾಡಿಕೊಂಡು ಬಂದಿದ್ದರು.

ಬಾಗಿಲಿಗೆ ಬಂದವಳ ಒಳಗಂತ ಕರೀಲಿಲ್ಲ
ಒಂದು ಚೊಂಬು ನೀರ ಕೊಡಲಿಲ್ಲ, ನನ ತಂಗಿ
ಬಂದ ಕಾಲಲ್ಲೇ ತಿರುಗ್ಯಾಳು

ಹೀಗೆ ಮೂರು ಮೂರು ಸಾಲಿನ ಐದು ನುಡಿಯ ಪದ. ಹಾಡಿ ಮುಗಿಸಿದ ಮೇಲೆ ಯಶೋದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದರು: “ಎದೇಲಿಟ್ಕಂಡು ಸಾಯೋಕೆ ಆಗ್ಲಿಲ್ಲ ಕಣವ್ವ. ಇದ್ನ ನಿಮ್ಮ ಪೆಟ್ಟಿಗೇಲೇ ಮಡಗ್ಕಳಿ.”

ವತ್ಸಲಾ ಬಸ್ಸು ಹಿಡಿದು ಸುಂಕದಕಟ್ಟೆಗೆ ಹೋದರು. ಯಶೋದಮ್ಮ ಗೋಡೆ ಕಡೆ ತಿರುಗಿ ಮಲಗಿದ್ದರು. ಚೇತನಾ ತನ್ನ ಮೊಬೈಲ್ ತೆಗೆದು ಒತ್ತಿದಳು. ಯೂಟ್ಯೂಬ್ ಚಾನೆಲ್ಲಿನಲ್ಲಿ ಬೀಸುವ ಕಲ್ಲಿನ ಚಿತ್ರ, ಅದರ ಕೆಳಗೆ ಹಾಡಿದವರ ಹೆಸರು, ಊರಿನ ಹೆಸರು. ಯಶೋದಮ್ಮನ ದನಿ ಹೊರಬಂತು. ಹಾಡಿನ ಮೊದಲು ವತ್ಸಲಾ ಹೇಳಿದ್ದ ಮಾತನ್ನು ಕತ್ತರಿಸಿದ್ದರು. ಆದರೆ ಎರಡನೇ ನುಡಿಯ ನಡುವೆ ಯಾರೋ ಮೆಲ್ಲಗೆ ‘ಹ್ಞೂಂ’ ಎಂದರು. ಅದು ವತ್ಸಲಾರದೇ ದನಿ. ಅಂದು ಎದುರು ಕೂತು ಕೇಳುತ್ತಾ ತಮಗೆ ಅರಿವಿಲ್ಲದೆ ಹೂಂಗುಟ್ಟಿದ್ದು. ಬೇರೆ ಯಾರೋ ಹಾಡಿಸಿಕೊಂಡಿರಬಹುದು ಎಂಬ ಒಂದು ಸಣ್ಣ ಆಸೆ ಹಾಡು ಶುರುವಾದಾಗ ಇತ್ತು. ಅದು ಅಲ್ಲಿಗೇ ಹೋಯಿತು.

ಹಾಡು ಮೂರನೇ ನುಡಿಗೆ ನಿಂತುಬಿಟ್ಟಿತು. ಉಳಿದ ಎರಡು ನುಡಿ ಇರಲೇ ಇಲ್ಲ. ಉದ್ದವಾಯಿತೆಂದು ಕತ್ತರಿಸಿರಬೇಕು. ಆ ಎರಡು ನುಡಿಯಲ್ಲಿತ್ತು, ಯಶೋದಮ್ಮ ಕಡೆಗೆ ಕಲ್ಲು ಬಿಟ್ಟೆದ್ದು, ಅತ್ತೆ ಜುಟ್ಟು ಹಿಡಿದೆಳೆದರೂ ಕೊಸರಿಕೊಂಡು, ಕೆರೆ ಏರಿಯ ತುದಿಯವರೆಗೂ ಓಡಿದ್ದು. ಅಲ್ಲಿಗೆ ಹೋಗಿ ತಲುಪುವಷ್ಟರಲ್ಲಿ ಬಸ್ಸು ಹೋಗಿ ಬರೀ ಧೂಳು ಉಳಿದಿತ್ತು.

ಕೆಂಗೇರಿ ಉಪನಗರದಲ್ಲಿ ಮಗನ ಮನೆಯಲ್ಲಿದ್ದ ಹನುಮಯ್ಯನಿಗೆ ಯಾರೋ ನೆಂಟರು ಮದುವೆಮನೆಯಲ್ಲಿ ಇದನ್ನು ಕೇಳಿಸಿದ್ದರು. ಅವನು ತಂಗಿಗೆ ಫೋನ್ ಮಾಡಿ ಒಂದೇ ಮಾತು ಕೇಳಿದ್ದನಂತೆ, ಬಂದಿದ್ಲು ತಾನೆ ಎಂದು. ಯಶೋದಮ್ಮ ಉತ್ತರ ಕೊಡಲಿಲ್ಲ. ಅವನು ಫೋನ್ ಇಟ್ಟಿದ್ದ.

ವತ್ಸಲಾ ಮಂಚದ ಪಕ್ಕ ನೆಲದ ಮೇಲೆ ಕೂತರು. ಇದನ್ನು ತಾವು ಯಾರಿಗೂ ಕೊಟ್ಟಿಲ್ಲ ಎಂದು ಹೇಳಿದರು. ದೇವರಾಣೆ ಎಂದರು. ಯಶೋದಮ್ಮ ತಿರುಗದೆಯೇ ಮಾತಾಡಿದರು.

“ನಿಮ್ಮ ಪೆಟ್ಟಿಗೆಯಿಂದ ತಾನೇ ಹೋಗಿದ್ದು?”

“ಹೌದು.”

“ಇನ್ನೇನೈತೆ ಹೇಳಾದು. ಹೋಗಿ ವತ್ಸಲಮ್ಮ.”

ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ವತ್ಸಲಾ ತಮ್ಮ ಫೋನಿನಲ್ಲಿ ಆ ಚಾನೆಲ್ ಹುಡುಕಿದರು. ನೂರ ಎಂಬತ್ತು ಹಾಡು. ಎಲ್ಲವೂ ಅವರ ಡ್ರೈವಿನಲ್ಲಿದ್ದವೇ. ಪ್ರತಿಯೊಂದರ ಕೆಳಗೂ ಒಂದೇ ಸಾಲು: ಕ್ಷೇತ್ರಕಾರ್ಯ ಮತ್ತು ಸಂಗ್ರಹ, ಪ್ರೊ. ಗಿರಿರಾಜ್. ಒಂದು ವೀಡಿಯೋದಲ್ಲಿ ಸನ್ಮಾನದ ಸಮಾರಂಭ. ಶಾಲು ಹೊದ್ದು, ಹಾರ ಹಾಕಿಕೊಂಡು, ಗಿರಿರಾಜ್ ಮೈಕಿನ ಮುಂದೆ ನಿಂತು ತಾವು ಹಳ್ಳಿ ಹಳ್ಳಿ ಅಲೆದ ಕಷ್ಟ ಹೇಳುತ್ತಿದ್ದರು. ಕ್ಯಾಮೆರಾ ಸಭಿಕರ ಕಡೆ ತಿರುಗಿತು. ಎರಡನೇ ಸಾಲಿನಲ್ಲಿ ತಿಳಿನೀಲಿ ಅಂಗಿ ಹಾಕಿಕೊಂಡು ಚಪ್ಪಾಳೆ ಹೊಡೆಯುತ್ತಿದ್ದವರು ಪುರುಷೋತ್ತಮ.

ವತ್ಸಲಾರಿಗೆ ಆ ಅಂಗಿ ಗೊತ್ತಿತ್ತು, ಆ ದಿನವೂ ನೆನಪಿತ್ತು. ಸೆಪ್ಟೆಂಬರಿನ ಒಂದು ಭಾನುವಾರ. ಹಳೆಯ ಸಹೋದ್ಯೋಗಿಯ ಮಗನ ಗೃಹಪ್ರವೇಶ ಎಂದು ಹೇಳಿ ಹೋಗಿದ್ದರು ಅವರು. ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟವರು ವತ್ಸಲಾ. ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ. ಇನ್ನೊಂದು ಬಂದಾಗ ಹಿಂದಿನಿಂದ ಯಾರೋ ‘ಹತ್ತಿ ಆಂಟಿ’ ಎಂದ ಮೇಲೆ ಹತ್ತಿದರು.

ಮನೆಗೆ ಬಂದು ಫೋನನ್ನು ಗಂಡನ ಮುಂದಿಟ್ಟರು. ಪುರುಷೋತ್ತಮ ಕನ್ನಡಕ ಹಾಕಿಕೊಂಡು ನೋಡಿದರು. ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ವತ್ಸಲಾ ಕಾಯುತ್ತಿದ್ದದ್ದು ಅದಕ್ಕೇ. ಒಂದಿಷ್ಟು ಆಶ್ಚರ್ಯ ಕಂಡಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

“ಯಾವಾಗಿಂದ ಗೊತ್ತಿತ್ತು ನಿಮಗೆ?”

“ಕಾಪಿ ಇಟ್ಕೊಂಡಿರ್ತೀನಿ ಅಂದ. ಡ್ರೈವ್ ಕೆಟ್ಟೋದ್ರೆ ಇರ್ಲಿ ಅಂತ. ಒಳ್ಳೇದೇ ಅಲ್ವಾ ಅಂದ್ಕೊಂಡು ಹೂಂ ಅಂದೆ.”

“ನಾನು ಅದನ್ನ ಕೇಳ್ತಿಲ್ಲ.”

ಪುರುಷೋತ್ತಮ ಕನ್ನಡಕ ತೆಗೆದರು. ಜೂನಿನಲ್ಲಿ ಗೊತ್ತಾಯಿತು ಎಂದರು. ಆ ಹೊತ್ತಿಗೆ ನೂರು ಹಾಡು ಹಾಕಿಯಾಗಿತ್ತಂತೆ. ನೀನು ಬೇಡ ಅಂತೀಯ ಅಂತ ಗೊತ್ತಿತ್ತು, ಜಗಳ ಆಗುತ್ತೆ, ಇರೋದು ಒಬ್ಬ ಸ್ನೇಹಿತ, ಎಂದು ಒಂದೊಂದೇ ಮಾತು ತೆಗೆದರು. ಜನ ಕೇಳುತ್ತಿದ್ದಾರಲ್ಲ, ಒಂದು ದಿನ ನಾನೇ ಹೇಳಿದರೆ ನಿನಗೂ ಖುಷಿಯಾಗಬಹುದು ಅಂದುಕೊಂಡೆ, ಎಂದರು.

“ಹೆಸರು ನೋಡಿದ್ರಾ ಅಲ್ಲಿ? ಸಂಗ್ರಹ ಯಾರದ್ದು ಅಂತ?”

“ನೋಡ್ದೆ.”

“ಚಪ್ಪಾಳೆ ಹೊಡೆದ್ರಿ.”

ವತ್ಸಲಾ ಅಳಲಿಲ್ಲ. ಯಶೋದಮ್ಮ ಎರಡು ದಿನದಿಂದ ಊಟ ಬಿಟ್ಟದ್ದನ್ನು, ಹನುಮಯ್ಯ ಕೇಳಿದ್ದನ್ನು, ತಮ್ಮನ್ನು ಹೋಗಿ ಎಂದದ್ದನ್ನು ಸಮಾಧಾನವಾಗಿ, ಒಂದಾದ ಮೇಲೊಂದು, ಗಂಡನಿಗೆ ಹೇಳಿದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಮೊದಲ ಬಾರಿಗೆ ಇನ್ನೊಬ್ಬರ ಮನೆಯ ಕಥೆಯನ್ನು ತಮ್ಮ ಮನೆಯೊಳಗೆ ಹೇಳಿದ್ದು ಆವತ್ತು. ಪುರುಷೋತ್ತಮ ತಲೆ ತಗ್ಗಿಸಿ ಕೂತು ಕೇಳಿದರು. ನನಗೆ ಹಾಡಿನ ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ ಎಂದರು. ಅದು ನಿಜವೇ ಆಗಿತ್ತು. ಅವರು ಕೇಳಿರಲಿಲ್ಲವಲ್ಲ.

ಮಾರನೇ ದಿನ ಬೆಳಗ್ಗೆ ವತ್ಸಲಾ ಒಬ್ಬರೇ ಗಿರಿರಾಜ್ ಮನೆಗೆ ಹೋದರು. ಅವರು ಬಾಗಿಲಲ್ಲೇ ಬನ್ನಿ ಅತ್ತಿಗೆ ಎಂದು ಉಪಚಾರ ಮಾಡಿ, ಕಾಫಿಗೆ ಹೇಳಿ ಕೂರಿಸಿದರು. ವಿಷಯ ಗೊತ್ತಾಗಿದೆ ಎಂದು ಪುರುಷೋತ್ತಮ ಆಗಲೇ ಫೋನ್ ಮಾಡಿ ತಿಳಿಸಿದ್ದರೆಂಬುದು ಅವರ ಮುಖದಲ್ಲೇ ಕಂಡಿತು. ಅವರು ಮುಂಚಿತವಾಗಿ ಮಾತು ಜೋಡಿಸಿಕೊಂಡಿದ್ದರು. ಜಾನಪದ ಯಾರೊಬ್ಬರ ಸ್ವತ್ತೂ ಅಲ್ಲ, ಜನರದ್ದು. ಪೆಟ್ಟಿಗೆಯಲ್ಲಿಟ್ಟರೆ ನಾಳೆ ನಿಮ್ಮ ಕಾಲಾನಂತರ ಅದನ್ನು ಯಾರು ತೆಗೆಯುತ್ತಾರೆ. ನಲವತ್ತು ಸಾವಿರ ಜನ ಯಶೋದಮ್ಮನನ್ನು ಕೇಳಿದ್ದಾರೆ, ಅದು ಅವರಿಗೆ ಗೌರವವಲ್ಲವೇ. ವತ್ಸಲಾ ಕಾಫಿ ಮುಟ್ಟಲಿಲ್ಲ.

“ಎರಡು ದಿನ ಯಾತಕ್ಕೆ ಬೇಕಿತ್ತು ಗಿರಿರಾಜ್ ಅವರೇ? ರಾತ್ರಿ ನಾನೇ ಓದಿ ನೋಡಿದೆ. ಅಕ್ಷರ ಬದಲಾಯಿಸೋಕೆ ಐದು ನಿಮಿಷ ಸಾಕು.”

ಗಿರಿರಾಜ್ ಕಾಫಿ ಲೋಟವನ್ನು ಅವರ ಕಡೆ ಇನ್ನಷ್ಟು ಸರಿಸಿದರು.

“ನನ್ನ ದನಿ ಎಲ್ಲ ಕತ್ತರಿಸಿದೀರಿ. ಎರಡು ಸಾವಿರ ಸಲ ಹೆಸರು, ಊರು ಹೇಳಿದೀನಿ ನಾನು. ಅದು ನಿಮ್ಮ ಕೈಗೆ ಅಡ್ಡ ಬಂತಲ್ವಾ?”

“ಅದು ಟೆಕ್ನಿಕಲ್ಲಾಗಿ ಸರಿಹೋಗ್ತಿರ್ಲಿಲ್ಲ ಅತ್ತಿಗೆ. ನಿಮ್ಮ ಹೆಸರು ಹಾಕೋಣ. ಈವತ್ತೇ ಹಾಕ್ತೀನಿ. ಶ್ರೀಮತಿ ವತ್ಸಲಾ ಪುರುಷೋತ್ತಮ ಅವರಿಗೆ ಕೃತಜ್ಞತೆ ಅಂತ.”

ಕೃತಜ್ಞತೆ ಬೇಡ, ತೆಗೆಯಿರಿ, ನಾನು ಇಲ್ಲಿ ಕೂತಿರುವಾಗಲೇ ತೆಗೆಯಿರಿ ಎಂದರು ವತ್ಸಲಾ. ಗಿರಿರಾಜ್ ಯಶೋದಮ್ಮನ ಆ ಪದ ಒಂದನ್ನು ಮಾತ್ರ ಅಳಿಸಿದರು. ಉಳಿದದ್ದರ ಬಗ್ಗೆ ಬಳಗದವರ ಜೊತೆ ಮಾತಾಡಬೇಕು ಎಂದರು. ಆದರೆ ಅಳಿಸಿದ್ದೂ ಅಳಿಯಲಿಲ್ಲ. ಅಷ್ಟರಲ್ಲಿ ಆ ಮೂರು ನುಡಿಯನ್ನು ಯಾರ್ಯಾರೋ ತಮ್ಮ ತಮ್ಮ ವೀಡಿಯೋಗಳಿಗೆ ಅಂಟಿಸಿಕೊಂಡಿದ್ದರು. ಹೂಮಾಲೆ ಕಟ್ಟುವ ವೀಡಿಯೋ ಒಂದರ ಹಿಂದೆ, ನಾಯಿಮರಿಯ ವೀಡಿಯೋ ಒಂದರ ಹಿಂದೆ, ಯಶೋದಮ್ಮ ತಂಗಿಗೆ ನೀರು ಕೊಡದ ಸಂಕಟ ಹಾಡುತ್ತಲೇ ಇದ್ದರು.

ಆ ವಾರವೇ ಪುರುಷೋತ್ತಮ, ಇನ್ನು ಗಿರಿಯ ಜೊತೆ ವಾಕಿಂಗ್ ಹೋಗುವುದಿಲ್ಲ, ಅವನ ಸಹವಾಸ ಮುಗಿಯಿತು ಎಂದು ತಾವಾಗಿ ಹೇಳಿದರು. ವತ್ಸಲಾ ಕೇಳಿರಲಿಲ್ಲ. ಆದರೆ ಆ ಮಾತು ಅವರಿಗೆ ಹಿತವಾಯಿತು. ಒಬ್ಬರೇ ಬೇರೆ ದಾರಿ ಹಿಡಿದು ಹೋಗಿ ಬರತೊಡಗಿದರು ಪುರುಷೋತ್ತಮ. ವತ್ಸಲಾ ಡ್ರೈವಿಗೆ ಪಾಸ್‌ವರ್ಡ್ ಹಾಕಿದರು. ಏನು ಹಾಕಿದೆ ಎಂದು ಗಂಡ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಹನುಮಯ್ಯ ಮನೆ ಹುಡುಕಿಕೊಂಡು ಬಂದ. ಎಪ್ಪತ್ತೈದು ದಾಟಿದ ಮನುಷ್ಯ, ಕೋಲೂರಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದ. ವಿಳಾಸವನ್ನು ಚೇತನಾ ಕೊಟ್ಟಿದ್ದಳು. ನೀರು ಕುಡಿದು, ಸೋಫಾದ ತುದಿಯಲ್ಲಿ ಕೂತು, ಬಂದ ಕಾರಣ ಹೇಳಿದ.

“ಆ ಪದ ಅಲ್ಲಿಗೇ ಮುಗೀತದಾ ಅಮ್ಮ, ಇನ್ನೂ ಐತಾ? ನಮ್ಮವ್ವ ಹೇಳ್ತಿದ್ದ ಪದ ಎಲ್ಲ ಐದು ನುಡಿ ಇರೋವು. ಇದು ಮೂರಕ್ಕೇ ನಿಂತದೆ.”

ಉತ್ತರ ಪಕ್ಕದ ಕೋಣೆಯಲ್ಲೇ ಇತ್ತು. ಡ್ರೈವ್ ತಂದು ಒತ್ತಿದರೆ ಎರಡು ನಿಮಿಷ. ಯಶೋದಮ್ಮ ತಂಗಿಯ ಹಿಂದೆ ಓಡಿದ್ದು, ಕೂದಲು ಕಿತ್ತುಬಂದರೂ ಓಡಿದ್ದು ಈ ಮುದುಕನಿಗೆ ತಿಳಿದರೆ ಅಣ್ಣ ತಂಗಿಯ ನಡುವಿನ ಗೋಡೆ ಬೀಳಬಹುದು. ವತ್ಸಲಾರ ಮೇಲಿನ ಅಪವಾದವೂ ತೊಳೆದುಹೋಗಬಹುದು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪುರುಷೋತ್ತಮ, ಕೇಳಿಸಿಬಿಡೇ, ಒಳ್ಳೇದಕ್ಕೆ ತಾನೆ, ಎಂದರು.

“ಒಳ್ಳೇದಕ್ಕೇ ಅಂತ ನೀವೂ ಅಂದ್ಕೊಂಡಿದ್ರಿ,” ಎಂದರು ವತ್ಸಲಾ. ಆಮೇಲೆ ಹನುಮಯ್ಯನ ಕಡೆ ತಿರುಗಿದರು. “ಇನ್ನೂ ಎರಡು ನುಡಿ ಇದೆ ಅಣ್ಣಾ. ಆದ್ರೆ ನಾನು ಕೇಳಿಸೋ ಹಾಗಿಲ್ಲ. ಹಾಡಿದವರು ಇದಾರೆ. ಅವರನ್ನೇ ಕೇಳಿ.”

ಹನುಮಯ್ಯನಿಗೆ ಬೇಸರವಾಯಿತು. ಇಷ್ಟು ದೂರ ಬಂದಿದ್ದೀನಿ ಎಂದ. ಊರಿಗೆಲ್ಲ ಕೇಳಿಸಿದ್ದಾರೆ, ಒಡಹುಟ್ಟಿದವನಿಗೆ ಇಲ್ಲವಾ ಎಂದ. ವತ್ಸಲಾ ಕೈಮುಗಿದರು, ಡ್ರೈವ್ ತರಲಿಲ್ಲ. ಅವನು ಕೋಲು ಹಿಡಿದು ಗೇಟು ದಾಟಿ ಹೋಗುವುದನ್ನು ನೋಡುತ್ತಾ ನಿಂತರು. ಯಶೋದಮ್ಮನಿಗೆ ಕೊಟ್ಟ ಮಾತನ್ನು ಈಗಲಾದರೂ ಉಳಿಸಿದೆ ಎಂಬ ಸಮಾಧಾನ ಬರಬೇಕಿತ್ತು. ಬರಲಿಲ್ಲ.

ಹತ್ತು ದಿನದ ಮೇಲೆ ಚೇತನಾ ಫೋನ್ ಮಾಡಿದಳು. ಹನುಮಯ್ಯ ಸುಂಕದಕಟ್ಟೆಗೆ ಬಂದಿದ್ದನಂತೆ. ಅಣ್ಣ ತಂಗಿ ಬಾಗಿಲು ಹಾಕಿಕೊಂಡು ಮಧ್ಯಾಹ್ನವೆಲ್ಲ ಕೂತಿದ್ದರಂತೆ. ಯಶೋದಮ್ಮ ಹಾಡಲಿಲ್ಲ, ಬಾಯಲ್ಲೇ ಹೇಳಿದರಂತೆ. ಸಂಜೆ ಇಬ್ಬರೂ ಒಟ್ಟಿಗೆ ಮುದ್ದೆ ಉಂಡರಂತೆ. ವತ್ಸಲಾ ಕಣ್ಣೊರೆಸಿಕೊಂಡು, ನಾನೊಂದು ಸಲ ಬರಲಾ ಎಂದು ಕೇಳಿದರು. ಅತ್ತೆ ನಿಮ್ಮ ವಿಷಯ ಎತ್ತಬೇಡ ಅಂದಿದಾರೆ ಆಂಟಿ, ಬೇಜಾರು ಮಾಡ್ಕೋಬೇಡಿ, ಎಂದಳು ಚೇತನಾ. ಆ ಪದವನ್ನು ಡ್ರೈವಿನಿಂದ ಅಳಿಸಬೇಕಾ, ಇಟ್ಟಿರಬೇಕಾ ಎಂದು ಕೇಳಿ ಹೇಳು ಎಂದರು ವತ್ಸಲಾ. ಎರಡು ದಿನದ ಮೇಲೆ ಉತ್ತರ ಬಂತು: ಅಳಿಸಿ. ವತ್ಸಲಾ ಅದನ್ನು ಇನ್ನೊಮ್ಮೆ ಕೇಳದೆ ಅಳಿಸಿದರು. ಪೂರ್ತಿ ಐದು ನುಡಿ ಈಗ ಯಶೋದಮ್ಮನ ಹತ್ತಿರ ಇದೆ. ಗಿರಿರಾಜ್ ಕಂಪ್ಯೂಟರಿನಲ್ಲೂ ಇರಬಹುದು.

ಆಮೇಲೆ ಅವರು ಉಳಿದ ಮೂವತ್ತು ಜನರನ್ನು ಹುಡುಕಲು ಹೊರಟರು. ಹಲವರು ತೀರಿಕೊಂಡಿದ್ದರು, ಕೆಲವರ ವಠಾರಗಳೇ ಇರಲಿಲ್ಲ. ಸಿಕ್ಕವರ ಮುಂದೆ, ಇಲ್ಲವೇ ಅವರ ಮಕ್ಕಳ ಮುಂದೆ ಕೂತು, ನಿಮ್ಮ ಹಾಡು ನನ್ನ ಕೈ ತಪ್ಪಿ ಹೋಗಿದೆ, ತಪ್ಪು ನನ್ನದು ಎಂದು ಹೇಳಿದರು. ಹೆಚ್ಚಿನವರು ನಕ್ಕು, ಅಯ್ಯೋ ಕೇಳಲಿ ಬಿಡಿ ಎಂದರು. ಒಬ್ಬ ಮಗಳು ತನ್ನ ತಾಯಿಯ ದನಿ ಕೇಳಿ ಫೋನಿಗೆ ಹಾಕಿಸಿಕೊಂಡಳು. ನಾಲ್ಕು ಮನೆಯವರು ಬೇಡ ಎಂದರು. ಆ ನಾಲ್ಕು ಹೆಸರು ಬರೆದು ಗಿರಿರಾಜ್ ಅವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಎರಡು ಮನೆಯವರ ಹಾಡು ಚಾನೆಲ್ಲಿನಿಂದ ಹೋದವು, ಇನ್ನೆರಡು ಮನೆಯವರದು ಹಾಗೇ ಉಳಿದವು.

ಮಾರ್ಚಿನಲ್ಲಿ ಒಂದು ಸಂಜೆ ಉಲ್ಲಾಳದ ಒಂದು ಮನೆಗೆ ಹೋಗಿ ಹಿಂತಿರುಗುತ್ತಿದ್ದರು. ವಿಜಯನಗರದಲ್ಲಿ ಬಸ್ಸು ಸಿಗ್ನಲ್ಲಿಗೆ ನಿಂತಿತು. ಕಿಟಕಿಯಾಚೆ ಒಂದು ದರ್ಶಿನಿ. ಎತ್ತರದ ಮೇಜಿನ ಪಕ್ಕ ನಿಂತು ಇಬ್ಬರು ಕಾಫಿ ಕುಡಿಯುತ್ತಿದ್ದರು. ಗಿರಿರಾಜ್ ಏನೋ ಹೇಳುತ್ತಿದ್ದರು, ಒಂದು ಕೈ ಪುರುಷೋತ್ತಮರ ಹೆಗಲ ಮೇಲಿತ್ತು. ಪುರುಷೋತ್ತಮ ಬಗ್ಗಿ ಬಗ್ಗಿ ನಗುತ್ತಿದ್ದರು. ಮನೆಯಲ್ಲಿ ಅವರು ಹಾಗೆ ನಕ್ಕು ನಾಲ್ಕು ತಿಂಗಳಾಗಿತ್ತು. ಬಸವೇಶ್ವರನಗರ ಬಿಟ್ಟು ಇಲ್ಲಿಗೆ ಬಂದು ಕಾಫಿ ಕುಡಿಯಬೇಕಾದ ಕಾರಣವೂ ವತ್ಸಲಾರಿಗೆ ಹೊಳೆಯಿತು. ಹಸಿರು ದೀಪ ಬಿದ್ದು ಬಸ್ಸು ಹೊರಟಿತು.

ಅವರು ಮನೆಗೆ ಬಂದು ಕೈಕಾಲು ತೊಳೆದು, ಕುಕ್ಕರಿಟ್ಟರು. ಮುಕ್ಕಾಲು ಗಂಟೆಯ ಮೇಲೆ ಪುರುಷೋತ್ತಮ ಬಂದರು. ಚಪ್ಪಲಿ ಬಿಡುತ್ತಾ, ಪಾರ್ಕಿನಲ್ಲಿ ಈವತ್ತು ಯಾರೂ ಇರಲಿಲ್ಲ, ಒಬ್ಬನೇ ಆರು ಸುತ್ತು ಹಾಕಿದೆ ಎಂದರು. ವತ್ಸಲಾ ತಟ್ಟೆ ಹಾಕಿದರು. ಹುಳಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳಿದರು. ಸರಿಯಾಗಿದೆ ಎಂದು ಅವರು ಊಟ ಮಾಡಿದರು.